ನಾಲ್ಕು ಹುಡುಗರು, 39 ಅಂಕ: ಹಂಗೇರಿಯ ವಿ.ಐ.ಪಿ. ತಂಡ ಮುಗಿದ ಮೇಲೆ ಏನಾಯಿತು?

1997ರ ಮೇ 3. ಐರ್ಲೆಂಡಿನ ಡಬ್ಲಿನ್ ನಗರದ ಪಾಯಿಂಟ್ ಥಿಯೇಟರಿನಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ನಡೆಯುತ್ತಿತ್ತು. ಒಟ್ಟು 25 ದೇಶ. ಒಂದು ದೇಶಕ್ಕೆ ಒಂದೇ ಹಾಡು, ಸಮಯ ಮೂರೇ ನಿಮಿಷ. ನಿರೂಪಣೆ ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬ ರೋನನ್ ಕೀಟಿಂಗ್. ಬಾಯ್‌ಝೋನ್ ಅನ್ನೋ ಐರಿಷ್ ಹುಡುಗರ ತಂಡದ ಗಾಯಕ. ಆ ಕಾಲದಲ್ಲಿ ಅವನ ಪೋಸ್ಟರ್ ಇಲ್ಲದ ಹದಿಹರೆಯದ ರೂಮು ಯುರೋಪಿನಲ್ಲಿ ಕಮ್ಮಿ.

19ನೇ ಸರದಿ ಹಂಗೇರಿಯದು. ವೇದಿಕೆಗೆ ಬಂದವರು ಇನ್ನೊಂದು ಹುಡುಗರ ತಂಡ, ಹೆಸರು ವಿ.ಐ.ಪಿ. ರಾಕೊಂತ್ಸಾಯಿ ವಿಕ್ಟರ್, ಅವರ ಸಹೋದರ ರಾಕೊಂತ್ಸಾಯಿ ಇಮ್ರೆ, ರಾತ್ಸ್ ಗೆರ್ಗೊ ಮತ್ತು ಯೋಝಾ ಅಲೆಕ್ಸ್. (ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಎರಡೂ ಥರ ಸಿಗುತ್ತದೆ, ಬೇರೆ ಬೇರೆ ಜನ ಅಂದುಕೊಳ್ಳಬೇಡಿ.) ಹಾಡಿನ ಹೆಸರು ‘ಮಿಯೇರ್ತ್ ಕೆಲ್, ಹೊದ್ಯ್ ಎಲ್ಮೆನ್ಯ್?’, ಅಂದರೆ ‘ನೀನು ಯಾಕೆ ಹೋಗಬೇಕು?’. ಪಕ್ಕಾ ವಿರಹದ ಹಾಡು. ಮೂರು ನಿಮಿಷ ಹಾಡಿದರು, ಇಳಿದರು. ಸಿಕ್ಕಿದ್ದು 39 ಅಂಕ, 12ನೇ ಸ್ಥಾನ.

ಇಷ್ಟೇ ಆಗಿದ್ದರೆ ಇದರ ಬಗ್ಗೆ ಇವತ್ತು ಬರೆಯೋ ಅಗತ್ಯ ಇರಲಿಲ್ಲ. ಯೂರೋವಿಷನ್‌ನಲ್ಲಿ 12ನೇ ಸ್ಥಾನಕ್ಕೆ ಬಂದು ಮರೆತುಹೋದ ತಂಡಗಳು ಬೇಕಾದಷ್ಟಿವೆ. ನನ್ನನ್ನು ಎಳೆದದ್ದು ಆ ಹಾಡಿನ ಕೆಳಗಿದ್ದ ಒಂದು ಸಣ್ಣ ವಿವರ. ಸಾಹಿತ್ಯ ಬೊಕೊರ್ ಫೆಕೆತೆ ಕ್ರಿಸ್ತಿನಾ. ಸಂಗೀತ ರಾಕೊಂತ್ಸಾಯಿ ವಿಕ್ಟರ್. ತಂಡದ ಹುಡುಗನೇ ಟ್ಯೂನ್ ಹಾಕಿದ್ದ. ಅದರಿಂದಾಗಿ ಈ ತಂಡದ ಕಥೆ ತಂಡ ಮುಗಿದ ಮೇಲೆಯೇ ಜಾಸ್ತಿ ಬೆಳೆಯಿತು. ಯಾಕೆ ಅಂತ ತಿಳಿಯಬೇಕಾದರೆ ಬಾಯ್ ಬ್ಯಾಂಡ್ ಹೇಗೆ ಕಟ್ಟುತ್ತಾರೆ, ಹಂಗೇರಿಯಲ್ಲಿ ಪಾಪ್ ಸಂಗೀತ ಹೇಗೆ ನಡೆಯಿತು, ಹಾಡಿನ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಅನ್ನೋದನ್ನು ಸ್ವಲ್ಪ ನೋಡಬೇಕು.

ಬ್ಯಾಂಡ್ ಅಂತಾರೆ, ಕೈಯಲ್ಲಿ ವಾದ್ಯ ಇಲ್ಲ

ನಮ್ಮಲ್ಲಿ ಜನಪ್ರಿಯ ಸಂಗೀತ ಅಂದರೆ ಸಿನಿಮಾ ಹಾಡು. ಹಾಗಾಗಿ ಬಾಯ್ ಬ್ಯಾಂಡ್ ಅನ್ನೋದು ಕೊರಿಯಾದ ಬಿಟಿಎಸ್ ಬರುವ ತನಕ ಹೆಚ್ಚಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ನಾಲ್ಕೈದು ಚೆಂದದ ಹುಡುಗರು, ಸೇರಿಸಿ ಹಾಡುವುದು, ಒಟ್ಟಿಗೆ ಕುಣಿಯುವುದು. ಗಿಟಾರು, ಡ್ರಮ್ಮು ಸಾಮಾನ್ಯವಾಗಿ ಇರುವುದಿಲ್ಲ. ತಂಡವನ್ನು ಕಟ್ಟುವವನು ಹೆಚ್ಚಾಗಿ ಒಬ್ಬ ಮ್ಯಾನೇಜರ್. ಅಮೆರಿಕದ ನ್ಯೂ ಕಿಡ್ಸ್ ಆನ್ ದ ಬ್ಲಾಕ್ ತಂಡವನ್ನು ಬಾಸ್ಟನ್‌ನಲ್ಲಿ 1984ರಲ್ಲಿ ಮಾರಿಸ್ ಸ್ಟಾರ್ ಕಟ್ಟಿದ. ಟೇಕ್ ದಟ್ ತಂಡವನ್ನು ಮ್ಯಾಂಚೆಸ್ಟರ್‌ನಲ್ಲಿ 1990ರಲ್ಲಿ ನೈಜೆಲ್ ಮಾರ್ಟಿನ್ ಸ್ಮಿತ್ ಕಟ್ಟಿದ. ಬಾಯ್‌ಝೋನ್ 1993ರಲ್ಲಿ ಲೂಯಿ ವಾಲ್ಷ್‌ನ ಕೈಯಲ್ಲಿ ಹುಟ್ಟಿತು. ಅದೇ ವರ್ಷ ಫ್ಲೋರಿಡಾದ ಒರ್ಲಾಂಡೊದಲ್ಲಿ ಲೂ ಪರ್ಲ್‌ಮನ್ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ತಂಡವನ್ನು ಕಟ್ಟಿದ.

ಈ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಸ್ವಂತ ದೇಶಕ್ಕಿಂತ ಮೊದಲು ಗೆದ್ದದ್ದು ಜರ್ಮನಿಯಲ್ಲಿ, ಯುರೋಪಿನಲ್ಲಿ. 1995-96ರ ಹೊತ್ತಿಗೆ ಇಡೀ ಖಂಡದಲ್ಲಿ ಈ ಜ್ವರ ಏರಿತ್ತು. 1996ರ ಫೆಬ್ರವರಿಯಲ್ಲಿ ಟೇಕ್ ದಟ್ ತಂಡ ಒಡೆಯುತ್ತಿದೆ ಅಂತ ಸುದ್ದಿ ಬಂದಾಗ ಬ್ರಿಟನ್ನಿನಲ್ಲಿ ಅಭಿಮಾನಿಗಳನ್ನು ಸಮಾಧಾನ ಮಾಡೋಕೆ ಸಹಾಯವಾಣಿಗಳನ್ನೇ ತೆರೆದಿದ್ದರು. ಒಂದು ಜಾಗ ಖಾಲಿಯಾದರೆ ಅದನ್ನು ತುಂಬಲು ಪ್ರತಿ ದೇಶದಲ್ಲೂ ಒಂದು ತಂಡ ತಯಾರಿತ್ತು.

ಈ ಪದ್ಧತಿಯ ಒಳಗುಟ್ಟು ಏನೆಂದರೆ, ಹಾಡುವ ಹುಡುಗರು ಬೇರೆ, ಹಾಡು ಮಾಡುವವರು ಬೇರೆ. ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನ ದೊಡ್ಡ ಹಾಡುಗಳು ತಯಾರಾದದ್ದು ಸ್ವೀಡನ್ನಿನ ಸ್ಟಾಕ್‌ಹೋಮಿನ ಷೈರಾನ್ ಸ್ಟುಡಿಯೋದಲ್ಲಿ, ಡೆನ್ನಿಸ್ ಪಾಪ್ ಮತ್ತು ಮ್ಯಾಕ್ಸ್ ಮಾರ್ಟಿನ್ ಕೈಯಲ್ಲಿ. ಹುಡುಗರು ಬಂದು ಹಾಡಿ ಹೋಗುತ್ತಿದ್ದರು. ಅಭಿಮಾನಿಗಳಿಗೆ ಗೊತ್ತಿದ್ದದ್ದು ಹುಡುಗರ ಮುಖ ಮಾತ್ರ. ಮುಖಕ್ಕೆ ವಯಸ್ಸಾಗುತ್ತದೆ, ಅಭಿಮಾನಿಗಳೂ ದೊಡ್ಡವರಾಗಿ ಬೇರೆ ಸಂಗೀತದ ಕಡೆ ಹೋಗುತ್ತಾರೆ. ನಾಲ್ಕೈದು ವರ್ಷಕ್ಕೆ ಆಟ ಮುಗಿಯುತ್ತದೆ. ಆ ಹೊತ್ತಿಗೆ ಮ್ಯಾಕ್ಸ್ ಮಾರ್ಟಿನ್ ಮುಂದಿನ ಗಾಯಕಿಗೆ ಹಾಡು ಮಾಡುತ್ತಿರುತ್ತಾನೆ. ಲೂ ಪರ್ಲ್‌ಮನ್ ವಿಷಯವಂತೂ ಕೇಳಬೇಡಿ. ಅವನ ಹುಡುಗರೇ ದುಡ್ಡಿನ ಲೆಕ್ಕ ಕೇಳಿ ಅವನ ಮೇಲೆ ಕೇಸು ಹಾಕಿದರು. ಕೊನೆಗೆ ಬೇರೆ ವಂಚನೆಯ ಪ್ರಕರಣದಲ್ಲಿ 2008ರಲ್ಲಿ ಅವನಿಗೆ 25 ವರ್ಷ ಜೈಲಾಯಿತು.

ಇದಕ್ಕೆ ಹೊರತಾದ ತಂಡಗಳೂ ಇದ್ದವು. ಟೇಕ್ ದಟ್‌ನಲ್ಲಿ ಗ್ಯಾರಿ ಬಾರ್ಲೋ ಒಳಗೇ ಕೂತು ಹಾಡು ಬರೆಯುತ್ತಿದ್ದ. ಹಂಗೇರಿಯ ವಿ.ಐ.ಪಿ. ಈ ಎರಡನೇ ಜಾತಿಗೆ ಸೇರಿದ್ದು.

ಒಂದೇ ಕಂಪನಿ, ಒಂದೇ ಬಾಗಿಲು

1997ರಲ್ಲೇ ಯಾಕೆ ಇಂಥ ತಂಡ ಹುಟ್ಟಿತು? ಅದಕ್ಕೆ ಹತ್ತು ವರ್ಷ ಹಿಂದೆ ಯಾಕೆ ಹುಟ್ಟಲಿಲ್ಲ? ಇದಕ್ಕೆ ಉತ್ತರ ರಾಜಕೀಯದಲ್ಲಿದೆ.

1989ರ ತನಕ ಹಂಗೇರಿ ಕಮ್ಯುನಿಸ್ಟ್ ದೇಶ. ಬಹುಕಾಲ ಇಡೀ ದೇಶಕ್ಕೆ ಒಂದೇ ಸರ್ಕಾರಿ ರೆಕಾರ್ಡ್ ಕಂಪನಿ ಇತ್ತು. ಶಾಸ್ತ್ರೀಯ ಸಂಗೀತಕ್ಕೆ ಹುಂಗಾರೊತೊನ್ ಅನ್ನೋ ಲೇಬಲ್, ಪಾಪ್ ಸಂಗೀತಕ್ಕೆ ಪೆಪಿತಾ. ಎರಡೂ ಅದೇ ಕಂಪನಿಯ ಮಕ್ಕಳು. ಪಾಪ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಎರ್ದೋಶ್ ಪೇತೆರ್ ಎಷ್ಟು ಪ್ರಭಾವಿ ಅಂದರೆ ಜನ ಅವನನ್ನು ಪಾಪ್ ಲೋಕದ ರಾಜ ಅನ್ನುತ್ತಿದ್ದರು. ಸಾಂಸ್ಕೃತಿಕ ನೀತಿಯ ಹಿಂದೆ ಇದ್ದವನು ಆತ್ಸೇಲ್ ಜ್ಯೊರ್ಜ್. ಅವನ ಕಾಲದ ನೀತಿಯನ್ನು ಹಂಗೇರಿಯವರು ‘ಮೂರು ಟಿ’ ಅಂತ ನೆನಪಿಸಿಕೊಳ್ಳುತ್ತಾರೆ. ಸರ್ಕಾರ ಬೆಂಬಲಿಸುವ ಕಲೆ, ಸಹಿಸಿಕೊಳ್ಳುವ ಕಲೆ, ನಿಷೇಧಿಸುವ ಕಲೆ. ಹಂಗೇರಿಯನ್ ಭಾಷೆಯಲ್ಲಿ ಈ ಮೂರೂ ‘ಟಿ’ಯಿಂದ ಶುರುವಾಗುತ್ತವೆ. ಹೊಸ ಹಾಡು ಬರೆದರೆ ಸಮಿತಿಯ ಮುಂದೆ ಇಟ್ಟು ಒಪ್ಪಿಗೆ ಪಡೆಯಬೇಕಿತ್ತು.

ಹಾಗಂತ ಸಂಗೀತ ಸೊರಗಿತ್ತು ಅಂತಲ್ಲ. ಇಲ್ಲ್ಯೇಶ್, ಮೆತ್ರೋ, ಒಮೇಗಾ ಅನ್ನೋ ಮೂರು ತಂಡಗಳು 1960ರ ದಶಕದಲ್ಲೇ ದೇಶವನ್ನು ಕುಣಿಸಿದ್ದವು. 1966ರಿಂದ ಟಿವಿಯಲ್ಲಿ ಹಾಡಿನ ಸ್ಪರ್ಧೆ ಶುರುವಾಗಿ ಬೀದಿ ಬೀದಿಯಲ್ಲಿ ಯಾವ ಗಾಯಕ ಮೇಲು ಅಂತ ಜಗಳವಾಗುವಷ್ಟು ಜನಪ್ರಿಯವಾಗಿತ್ತು. 1986ರಲ್ಲಿ ಬ್ರಿಟನ್ನಿನ ಕ್ವೀನ್ ತಂಡ ಬುಡಾಪೆಸ್ಟಿನ ನೇಪ್‌ಸ್ಟಾಡಿಯೋನ್‌ನಲ್ಲಿ ಹಾಡಿ ಹೋಯಿತು. ಪ್ರತಿಭೆಗೆ ಕೊರತೆ ಇರಲಿಲ್ಲ. ಆದರೆ ಹದಿಹರೆಯದ ಹುಡುಗಿಯರ ಜೇಬು ನೋಡಿಕೊಂಡು ತಂಡ ಕಟ್ಟುವ ಖಾಸಗಿ ಮ್ಯಾನೇಜರಿಗೆ ಅಲ್ಲಿ ಜಾಗ ಇರಲಿಲ್ಲ. ಬಾಯ್ ಬ್ಯಾಂಡ್ ಮೂಲತಃ ಮಾರುಕಟ್ಟೆಯ ಕೂಸು.

1990ರಲ್ಲಿ ಮುಕ್ತ ಚುನಾವಣೆ ನಡೆಯಿತು. ಹೊರದೇಶದ ದೊಡ್ಡ ರೆಕಾರ್ಡ್ ಕಂಪನಿಗಳು ಬುಡಾಪೆಸ್ಟಿಗೆ ಬಂದವು. ಕ್ಯಾಸೆಟ್ಟು, ಸಿ.ಡಿ., ಹದಿಹರೆಯದವರ ಬಣ್ಣದ ಪತ್ರಿಕೆ, ಖಾಸಗಿ ರೇಡಿಯೋ ಎಲ್ಲವೂ ಒಂದರ ಹಿಂದೆ ಒಂದು ಬಂದವು. 1997ರ ಅಕ್ಟೋಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಟಿವಿ2 ಮತ್ತು ಆರ್‌ಟಿಎಲ್ ಕ್ಲಬ್ ಅನ್ನೋ ಎರಡು ಖಾಸಗಿ ಚಾನೆಲ್‌ಗಳು ದೇಶದಾದ್ಯಂತ ಶುರುವಾದವು. ವಿ.ಐ.ಪಿ. ಹುಡುಗರು ಡಬ್ಲಿನ್‌ಗೆ ಹೋದದ್ದು ಇದಕ್ಕೆ ಐದು ತಿಂಗಳ ಹಿಂದೆ. ಅವರನ್ನು ಕಳಿಸಿದ್ದು ಮಾತ್ರ ಹಳೆಯ ಸರ್ಕಾರಿ ಚಾನೆಲ್ಲು, ಮಾಗ್ಯಾರ್ ಟೆಲಿವಿಝಿಯೋ. ಇದನ್ನೂ ಚಿಕ್ಕದಾಗಿ ಎಂಟಿವಿ ಅನ್ನುತ್ತಾರೆ. ಅಮೆರಿಕದ ಎಂಟಿವಿಗೂ ಇದಕ್ಕೂ ಸಂಬಂಧ ಇಲ್ಲ.

ಡಬ್ಲಿನ್‌ಗೆ ಹೋಗುವ ದಾರಿ

ಯೂರೋವಿಷನ್‌ಗೆ ಸೇರುವುದೇ ಹಂಗೇರಿಗೆ ಕಷ್ಟವಾಗಿತ್ತು. ಪೂರ್ವ ಯುರೋಪಿನ ದೇಶಗಳು ಒಟ್ಟಿಗೆ ಬಾಗಿಲು ತಟ್ಟಿದಾಗ 1993ರಲ್ಲಿ ಸ್ಲೊವೇನಿಯಾದ ಲ್ಯುಬ್ಲ್ಯಾನಾದಲ್ಲಿ ಒಂದು ಅರ್ಹತಾ ಸುತ್ತು ಇಟ್ಟರು. ಏಳು ದೇಶ, ಮೂರೇ ಜಾಗ. ಹಂಗೇರಿಯ ಸುಲಾಕ್ ಆಂದ್ರೆಯಾ ಸೋತರು.

ಮರುವರ್ಷ ನೇರವಾಗಿ ಸೇರಿಸಿಕೊಂಡರು. ಬಾಯೆರ್ ಫ್ರಿದೆರಿಕಾ ಅನ್ನೋ ಹುಡುಗಿ ಒಂದು ಮೆಲು ದನಿಯ ಹಾಡು ಹಾಡಿದಳು. ಮತ ಎಣಿಕೆ ಶುರುವಾದಾಗ ಮೊದಲ ಮೂರು ದೇಶಗಳೂ ಪೂರ್ತಿ 12 ಅಂಕ ಕೊಟ್ಟವು! ಕೊನೆಗೆ 122 ಅಂಕದೊಂದಿಗೆ 4ನೇ ಸ್ಥಾನ. ಹಂಗೇರಿ ಅದಕ್ಕಿಂತ ಮೇಲೆ ಇವತ್ತಿಗೂ ಏರಿಲ್ಲ. ಆಮೇಲೆ ಜಾರುಬಂಡೆ. 1995ರಲ್ಲಿ ಸಿಗೆತಿ ಚಾಬಾಗೆ ಬರೀ 3 ಅಂಕ. 1996ರಲ್ಲಿ ಧ್ವನಿಮುದ್ರಣ ಕೇಳಿಸಿ ಆಯ್ಕೆ ಮಾಡುವ ಹೊಸ ಪದ್ಧತಿ ತಂದರು, ಹಂಗೇರಿಯ ದೆಲ್ಹೂಸಾ ಜೋನ್ ಅಲ್ಲೇ ಹೊರಬಿದ್ದರು. ಆ ಸಲ ಜರ್ಮನಿಯೂ ಹೊರಬಿತ್ತು. ದುಡ್ಡು ಕೊಡುವ ದೊಡ್ಡ ದೇಶ ಹೊರಗಿದ್ದರೆ ಹೇಗೆ? ಮರುವರ್ಷವೇ ಆ ಪದ್ಧತಿಗೆ ಎಳ್ಳುನೀರು ಬಿಟ್ಟರು. ಹಿಂದಿನ ವರ್ಷಗಳ ಸರಾಸರಿ ಅಂಕ ನೋಡಿ ದೇಶಗಳನ್ನು ಆರಿಸಿದರು. ಹಂಗೇರಿ ಮತ್ತೆ ಒಳಗೆ ಬಂತು.

1997ರ ಸ್ಪರ್ಧೆಯ ನಿಯಮಗಳು ನಮ್ಮ ಕಥೆಗೆ ಮುಖ್ಯ. ಮೊದಲನೆಯದು ಭಾಷೆ. 1977ರಿಂದ 1998ರ ತನಕ ಪ್ರತಿ ದೇಶವೂ ತನ್ನ ದೇಶದ ಭಾಷೆಯಲ್ಲೇ ಹಾಡಬೇಕು. ಹಾಗಾಗಿ ವಿ.ಐ.ಪಿ. ಹಾಡಿದ್ದು ಹಂಗೇರಿಯನ್‌ನಲ್ಲಿ. ಅಕ್ಕಪಕ್ಕದ ಆಸ್ಟ್ರಿಯಾ, ರುಮೇನಿಯಾ, ಸ್ಲೊವಾಕಿಯಾದ ಭಾಷೆಗಳಿಗೂ ಹಂಗೇರಿಯನ್‌ಗೂ ನಂಟಿಲ್ಲ. ದೂರದ ಫಿನ್ನಿಷ್, ಎಸ್ಟೋನಿಯನ್ ಭಾಷೆಗಳು ಅದರ ದಾಯಾದಿಗಳು, ಆದರೂ ಮಾತು ಪರಸ್ಪರ ಅರ್ಥವಾಗುವುದಿಲ್ಲ. ಅಂದರೆ ಯುರೋಪಿನಲ್ಲಿ ಆ ಹಾಡಿನ ಒಂದು ಸಾಲೂ ತಿಳಿಯದ ಜನರೇ ಅದಕ್ಕೆ ಅಂಕ ಕೊಡಬೇಕು. ಟ್ಯೂನ್ ಒಂದೇ ಗತಿ.

ಎರಡನೆಯದು ವಾದ್ಯ. ಅಲ್ಲಿಯ ತನಕ ಸ್ಟೇಜಿನ ಪಕ್ಕದಲ್ಲಿ ದೊಡ್ಡ ಆರ್ಕೆಸ್ಟ್ರಾ ಕೂತಿರುತ್ತಿತ್ತು. 1997ರಲ್ಲಿ ಮೊದಲ ಸಲ ಪೂರ್ತಿ ಮುದ್ರಿತ ಹಿನ್ನೆಲೆ ಸಂಗೀತಕ್ಕೆ ಅನುಮತಿ ಸಿಕ್ಕಿತು. ದನಿ ಮಾತ್ರ ಲೈವ್ ಇರಬೇಕು. ಸ್ಟುಡಿಯೋದ ಸದ್ದಿನ ಮೇಲೆ ನಿಂತ ಪಾಪ್ ಹಾಡುಗಳಿಗೆ ಇದು ವರವಾಯಿತು. ಸ್ಟೇಜಿನ ಮೇಲೆ ಆರಕ್ಕಿಂತ ಹೆಚ್ಚು ಜನ ಇರಬಾರದು ಅನ್ನೋ ಹಳೆಯ ನಿಯಮವೂ ಇತ್ತು, ನಾಲ್ಕು ಹುಡುಗರ ತಂಡಕ್ಕೆ ಅದರಿಂದ ತೊಂದರೆಯೇ ಇಲ್ಲ.

ಮೂರನೆಯದು ಮತದಾನ. ಆಸ್ಟ್ರಿಯಾ, ಜರ್ಮನಿ, ಸ್ವೀಡನ್, ಸ್ವಿಟ್ಜರ್‌ಲೆಂಡ್, ಬ್ರಿಟನ್ ಈ ಐದು ದೇಶಗಳಲ್ಲಿ ಆ ವರ್ಷ ಪ್ರಯೋಗಕ್ಕೆ ಅಂತ ಜನರಿಂದಲೇ ಫೋನ್ ಮೂಲಕ ಮತ ಹಾಕಿಸಿದರು. ಉಳಿದ ಕಡೆ ತೀರ್ಪುಗಾರರು. ಹದಿಹರೆಯದವರು ಫೋನ್ ಹಿಡಿದು ಕೂರುವ ಕಾಲ ಇನ್ನೂ ಪೂರ್ತಿ ಬಂದಿರಲಿಲ್ಲ. ಬಾಯ್ ಬ್ಯಾಂಡಿನ ನಿಜವಾದ ಬಲ ಅವರೇ ತಾನೆ? ಇನ್ನೊಂದು ವರ್ಷ ತಡವಾಗಿ ಹೋಗಿದ್ದರೆ ಅಂಕ ಬೇರೆಯಾಗುತ್ತಿತ್ತೇನೋ ಅಂತ ನನಗೆ ಅನ್ನಿಸುತ್ತದೆ. ಅದನ್ನು ಸಾಬೀತು ಮಾಡೋಕಂತೂ ಆಗುವುದಿಲ್ಲ.

ಆ ರಾತ್ರಿ ಗೆದ್ದದ್ದು ಬ್ರಿಟನ್ನಿನ ಕತ್ರೀನಾ ಆಂಡ್ ದ ವೇವ್ಸ್, 227 ಅಂಕ. ಹಂಗೇರಿಯ ನಂತರ ಹಾಡಿದವರು ರಷ್ಯಾದ ಅಲ್ಲಾ ಪುಗಚೋವಾ. ಸೋವಿಯತ್ ಕಾಲದಿಂದಲೂ ಆ ಭಾಗದ ಮಹಾರಾಣಿ ಅನ್ನಿಸಿಕೊಂಡ ಗಾಯಕಿ. ಅವರಿಗೆ 33 ಅಂಕ, 15ನೇ ಸ್ಥಾನ. ಹೊಸ ಹುಡುಗರು ಪುಗಚೋವಾಗಿಂತ ಮೇಲೆ ಬಂದರು ಅನ್ನೋದು ಬುಡಾಪೆಸ್ಟಿನಲ್ಲಿ ಸಣ್ಣ ಮಾತಾಗಿರಲಿಕ್ಕಿಲ್ಲ. ಮರುವರ್ಷ ಹಂಗೇರಿ ಕಳಿಸಿದ್ದು ಗಡಸು ದನಿಯ ಹೋರ್ವಾತ್ ಚಾರ್ಲಿಯನ್ನು. 4 ಅಂಕ, 23ನೇ ಸ್ಥಾನ. ಅದಾದ ಮೇಲೆ 2005ರ ತನಕ ಹಂಗೇರಿ ಆ ಕಡೆ ತಲೆಯೇ ಹಾಕಲಿಲ್ಲ. ಹಾಗಾಗಿ ಒಂದು ತಲೆಮಾರಿಗೆ ಯೂರೋವಿಷನ್ ಅಂದರೆ ಫ್ರಿದೆರಿಕಾ ಮತ್ತು ವಿ.ಐ.ಪಿ. ಅನ್ನುವಂತಾಯಿತು.

ಒಂದು ಕೋಟಿ ಜನರ ಮಾರುಕಟ್ಟೆ

ಆಮೇಲೆ ತಂಡ ಊರಿಗೆ ಮರಳಿ ಹಂಗೇರಿಯಲ್ಲಿ ಹಾಡು ಹಾಡಿತು, ಆಲ್ಬಮ್ ತಂದಿತು. 2000ದ ದಶಕದ ಶುರುವಿನಲ್ಲೇ ಆಟ ಮುಗಿಯಿತು. ಬಾಯ್ ಬ್ಯಾಂಡಿನ ಮಾಮೂಲಿ ಆಯುಷ್ಯವೇ ಅಷ್ಟು.

ಇದಕ್ಕೆ ಲೆಕ್ಕಾಚಾರದ ಕಾರಣವೂ ಇದೆ. ಹಂಗೇರಿಯ ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ಇವತ್ತಿನ ಬೆಂಗಳೂರಿಗಿಂತ ಕಮ್ಮಿ. ಗಡಿಯಾಚೆ ರುಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಸುಮಾರು 10 ಲಕ್ಷ, ಸ್ಲೊವಾಕಿಯಾ ಮತ್ತು ಸೆರ್ಬಿಯಾದಲ್ಲಿ ಇನ್ನಷ್ಟು ಹಂಗೇರಿಯನ್ ಮಾತಾಡುವವರಿದ್ದಾರೆ. ಅಲ್ಲಿಗೆ ಮಾರುಕಟ್ಟೆ ಮುಗಿಯಿತು. ಅದರೊಳಗೆ ಹದಿಹರೆಯದವರು ಎಷ್ಟು, ಅದರಲ್ಲಿ ಸಿ.ಡಿ. ಕೊಳ್ಳುವವರು ಎಷ್ಟು? ಜರ್ಮನಿಯಲ್ಲೋ ಬ್ರಿಟನ್ನಿನಲ್ಲೋ ಒಂದು ತಂಡ ಐದು ವರ್ಷದಲ್ಲಿ ಜೀವನಕ್ಕೆ ಆಗುವಷ್ಟು ದುಡಿಯಬಹುದು. ಹಂಗೇರಿಯಲ್ಲಿ ಕಷ್ಟ. ಹಾಡುವವನು ಮುಂದೆ ಏನಾದರೂ ಮಾಡಲೇಬೇಕು. ಟಿವಿ ನಿರೂಪಣೆ, ಡಬ್ಬಿಂಗ್, ಮ್ಯೂಸಿಕಲ್ ನಾಟಕ, ಮದುವೆ ಪಾರ್ಟಿ, ಹಳೆ ನೆನಪಿನ ಶೋ ಹೀಗೆ.

ಹಾಡು ಬರೆಯುವವನ ದಾರಿ ಬೇರೆ. ಹಾಡುವುದು ದಿನಗೂಲಿ, ಟ್ಯೂನ್ ಹಾಕುವುದು ತೆಂಗಿನ ಸಸಿ ನೆಟ್ಟ ಹಾಗೆ. ಬದುಕಿದರೆ ವರ್ಷ ವರ್ಷ ಫಲ.

ಇದು ಕಾನೂನಿನಲ್ಲೇ ಇರುವ ವ್ಯತ್ಯಾಸ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಒಂದು, ಸಾಹಿತ್ಯ ಮತ್ತು ಟ್ಯೂನ್. ಇನ್ನೊಂದು, ಅದನ್ನು ಯಾರೋ ಹಾಡಿ ಮುದ್ರಿಸಿದ ರೆಕಾರ್ಡಿಂಗ್. ಹಂಗೇರಿಯಲ್ಲಿ ಸಾಹಿತ್ಯ, ಟ್ಯೂನಿನ ಹಣ ವಸೂಲಿ ಮಾಡುವ ಸಂಸ್ಥೆ ಆರ್ತಿಸ್ಯುಸ್. ರೇಡಿಯೋ ಹಾಡು ಹಾಕಿತು, ಟಿವಿ ಬಳಸಿತು, ಸಂಗೀತ ಕಛೇರಿಯಲ್ಲಿ ಯಾರೋ ಹಾಡಿದರು, ಕಾಫಿ ಅಂಗಡಿಯಲ್ಲಿ ಸುಮ್ನೆ ಹಿನ್ನೆಲೆಯಲ್ಲಿ ನುಡಿಸಿದರು, ಎಲ್ಲದರಿಂದಲೂ ಶುಲ್ಕ ಪಡೆದು ಬರೆದವರಿಗೆ ಹಂಚುತ್ತದೆ. ಹಾಡಿದವರ ಹಕ್ಕಿಗೆ ಬೇರೆ ಸಂಸ್ಥೆ ಇದೆ, ರೆಕಾರ್ಡ್ ಕಂಪನಿಗಳಿಗೆ ಮಹಾಸ್ ಅನ್ನೋ ಇನ್ನೊಂದು ಸಂಘ. ಬರೆದವರ ಹಕ್ಕು ಅವರು ಬದುಕಿರುವಷ್ಟು ಕಾಲ, ತೀರಿಹೋದ ಮೇಲೆ ಇನ್ನೂ 70 ವರ್ಷ ಇರುತ್ತದೆ. ಭಾರತದಲ್ಲಿ ಇದು 60 ವರ್ಷ. ನಮ್ಮಲ್ಲಿ ಸಿನಿಮಾ ಹಾಡು ಬರೆದವರಿಗೆ ರಾಯಲ್ಟಿಯ ಹಕ್ಕು ಗಟ್ಟಿಯಾಗಿ ಸಿಕ್ಕಿದ್ದು 2012ರ ತಿದ್ದುಪಡಿಯಿಂದ.

ಮುಖ್ಯವಾದ ಮಾತು ಏನೆಂದರೆ, ಬೇರೆ ಯಾರು ಹಾಡಿದರೂ ಟ್ಯೂನ್ ಹಾಕಿದವನಿಗೆ ಪಾಲು ಬರುತ್ತದೆ. ಅವನು ತಂಡದಲ್ಲಿ ಇರಲಿ, ಇಲ್ಲದಿರಲಿ.

ಇದಕ್ಕೆ ಹಂಗೇರಿಯದೇ ಒಂದು ಸೊಗಸಾದ ಉದಾಹರಣೆ ಇದೆ. ಒಮೇಗಾ ತಂಡದ ‘ಗ್ಯೋಂದ್ಯ್‌ಹಾಯೂ ಲಾನ್ಯ್’ ಅನ್ನೋ 1969ರ ಹಾಡು ಬಹುಶಃ ಹಂಗೇರಿಯ ಅತಿ ಪ್ರಸಿದ್ಧ ಪಾಪ್ ಹಾಡು. ಟ್ಯೂನ್ ಪ್ರೆಸ್ಸೆರ್ ಗಾಬೋರ್, ಸಾಹಿತ್ಯ ಆದಾಮಿಶ್ ಆನ್ನಾ. ಪ್ರೆಸ್ಸೆರ್ 1971ರಲ್ಲೇ ತಂಡ ಬಿಟ್ಟು ಬೇರೆ ತಂಡ ಕಟ್ಟಿದರು. ಹಾಡು ಮಾತ್ರ ಅವರ ಹಿಂದೆಯೇ ಹೋಯಿತು. ಜರ್ಮನಿಯ ಸ್ಕಾರ್ಪಿಯನ್ಸ್ ಅದನ್ನು ಇಂಗ್ಲಿಷಿನಲ್ಲಿ ಹಾಡಿದರು. 2013ರಲ್ಲಿ ಅಮೆರಿಕದ ರ‍್ಯಾಪರ್ ಕಾನ್ಯೆ ವೆಸ್ಟ್ ತನ್ನ ಹಾಡಿನಲ್ಲಿ ಅದರ ತುಣುಕು ಬಳಸಿದ. ಪ್ರೆಸ್ಸೆರ್ 2016ರಲ್ಲಿ ನ್ಯೂಯಾರ್ಕಿನಲ್ಲಿ ಕೇಸು ಹಾಕಿದರು, ಆಮೇಲೆ ರಾಜಿಯಾಯಿತು. ತಂಡ ಬಿಟ್ಟು 45 ವರ್ಷ ಆದ ಮೇಲೂ ಟ್ಯೂನ್ ಯಾರದು ಅನ್ನೋ ಪ್ರಶ್ನೆಗೆ ಉತ್ತರ ಬದಲಾಗಿರಲಿಲ್ಲ.

ಮುಖಗಳು ಹಿಂದೆ ಸರಿದವು, ಹೆಸರುಗಳು ಉಳಿದವು

ವಿ.ಐ.ಪಿ. ಮುಗಿದ ಮೇಲೆ ವಿಕ್ಟರ್ ಇದೇ ದಾರಿ ಹಿಡಿದರು. ಬೇರೆಯವರಿಗೆ ಹಾಡು ಮಾಡತೊಡಗಿದರು. ಗೆರ್ಗೊ ಅವರ ಜೊತೆಯಾದರು. ಅಷ್ಟರಲ್ಲಿ ಹಂಗೇರಿಯ ಟಿವಿಯೂ ಬದಲಾಗಿತ್ತು. 2003ರಲ್ಲಿ ಟಿವಿ2 ‘ಮೆಗಾಸ್ತಾರ್’ ಅನ್ನೋ ಗಾಯಕರ ಸ್ಪರ್ಧೆ ಶುರು ಮಾಡಿತು, 2010ರಲ್ಲಿ ಆರ್‌ಟಿಎಲ್ ಕ್ಲಬ್ ‘ಎಕ್ಸ್ ಫಾಕ್ತೋರ್’ ತಂದಿತು. ಪ್ರತಿ ವರ್ಷ ಹೊಸ ದನಿಗಳು ಬರುತ್ತಿದ್ದವು, ಒಂದೊಂದಕ್ಕೂ ಬೇಗ ಬೇಗ ಹಾಡು ಬೇಕಿತ್ತು. ಬಾಯ್ ಬ್ಯಾಂಡಿನ ಒಳಗೆ ಕೂತು ಮೂರು ನಿಮಿಷದ ಪಾಪ್ ಹಾಡು ಹೊಸೆಯೋದನ್ನು ಕಲಿತವನಿಗೆ ಇದಕ್ಕಿಂತ ಒಳ್ಳೆ ಕಾಲ ಬೇಕಾ?

2008ರಲ್ಲಿ ವಿಕ್ಟರ್ ಟ್ಯೂನ್ ಮತ್ತೆ ಯೂರೋವಿಷನ್‌ಗೆ ಹೋಯಿತು. ಹಾಡಿದವರು ಚೇಝಿ ಅನ್ನೋ ಗಾಯಕಿ. ಹಾಡು ‘ಕ್ಯಾಂಡಲ್‌ಲೈಟ್’. ಅಷ್ಟರಲ್ಲಿ ಭಾಷೆಯ ನಿಯಮ ಹೋಗಿ ಒಂಬತ್ತು ವರ್ಷ ಆಗಿತ್ತು, ಹಾಡಿನಲ್ಲಿ ಇಂಗ್ಲಿಷ್ ಮತ್ತು ಹಂಗೇರಿಯನ್ ಎರಡೂ ಇದ್ದವು. ಬೆಲ್‌ಗ್ರೇಡಿನ ಎರಡನೇ ಸೆಮಿಫೈನಲ್‌ನಲ್ಲಿ 19 ಹಾಡಿನಲ್ಲಿ 19ನೆಯದು. 6 ಅಂಕ. ಫೈನಲ್ಲೇ ಇಲ್ಲ. ನಿಧಾನದ, ನಾಜೂಕಿನ ಹಾಡು. ಅಂಥ ಹಾಡು ಸೆಮಿಫೈನಲ್ಲಿನ ಗದ್ದಲದಲ್ಲಿ ಕಳೆದುಹೋಗುವುದು ಹೊಸದೇನಲ್ಲ. ಫೋನ್ ಮತದಾನದ ಕಾಲದಲ್ಲಿ ಜನ ನೆನಪಿಟ್ಟುಕೊಂಡ ಹಾಡಿಗೆ ಮಾತ್ರ ಅಂಕ, ಪರವಾಗಿಲ್ಲ ಅನ್ನಿಸಿದ ಹಾಡಿಗೆ ಸೊನ್ನೆ. ಪ್ರತಿ ದೇಶವೂ ತನಗೆ ಹಿಡಿಸಿದ ಹತ್ತು ಹಾಡಿಗೆ ಮಾತ್ರ ಅಂಕ ಕೊಡುತ್ತದೆ. ಎಲ್ಲ ದೇಶದಲ್ಲೂ 11ನೆಯದಾಗಿ ಬಂದ ಹಾಡಿಗೆ ಒಟ್ಟು ಸಿಗುವುದು ಏನೂ ಇಲ್ಲ.

2010ರಲ್ಲಿ ದುಡ್ಡಿಲ್ಲ ಅಂತ ಹಂಗೇರಿ ಸ್ಪರ್ಧೆಗೇ ಬರಲಿಲ್ಲ. 2011ರಲ್ಲಿ ಮರಳಿದಾಗ ವಿಕ್ಟರ್ ಮತ್ತು ಗೆರ್ಗೊ ಇಬ್ಬರೂ ಸೇರಿ ಮಾಡಿದ ಹಾಡು ಹೋಯಿತು. ಹಿಂದಿನ ವರ್ಷದ ‘ಎಕ್ಸ್ ಫಾಕ್ತೋರ್’ನಿಂದ ಜನರಿಗೆ ಪರಿಚಯವಾಗಿದ್ದ ವೋಲ್ಫ್ ಕಾತಿ ಹಾಡಿದರು. ‘ವಾಟ್ ಅಬೌಟ್ ಮೈ ಡ್ರೀಮ್ಸ್?’ ಇಂಗ್ಲಿಷ್ ಸಾಹಿತ್ಯ ಜಾನಿ ಕೆ. ಪಾಮರ್, ಹಂಗೇರಿಯನ್ ಸಾಹಿತ್ಯ ಗೆಸ್ತಿ ಪೇತೆರ್. ಗೆಸ್ತಿ 1990ರ ದಶಕದಲ್ಲಿ ರಾಪ್ಯುಲೋಕ್ ಅನ್ನೋ ತಂಡದಿಂದ ಹಂಗೇರಿಯನ್ ರ‍್ಯಾಪನ್ನು ಮನೆಮಾತು ಮಾಡಿದ ಜಾಣ ಬರಹಗಾರ. ಈ ಸಲ ನಾಜೂಕು ಗೀಜೂಕು ಇಲ್ಲ. ಡಿಸ್ಕೋ ತಾಳ, ಮೇಲಿನ ಸ್ಥಾಯಿಯಲ್ಲಿ ಎಳೆದ ದನಿ, ಒಂದು ಸಲ ಕೇಳಿದರೆ ಬಾಯಿಗೆ ಬರುವ ಪಲ್ಲವಿ. ಅಭಿಮಾನಿಗಳು ಹುಚ್ಚಾದರು. ಬೆಟ್ಟಿಂಗ್‌ನವರು ಮುಂಚೂಣಿ ಹಾಡುಗಳ ಸಾಲಿನಲ್ಲಿಟ್ಟರು.

ಜರ್ಮನಿಯ ಡ್ಯುಸೆಲ್ಡಾರ್ಫ್. ಮೇ 10ರ ಸೆಮಿಫೈನಲ್‌ನಲ್ಲಿ 72 ಅಂಕ, 7ನೇ ಸ್ಥಾನ. ಫೈನಲ್‌ಗೆ ದಾರಿ ಸಿಕ್ಕಿತು. ಮೇ 14ರ ಫೈನಲ್‌ನಲ್ಲಿ 25 ಹಾಡಿನಲ್ಲಿ 22ನೇ ಸ್ಥಾನ, 53 ಅಂಕ. ಗೆದ್ದದ್ದು ಅಜರ್‌ಬೈಜಾನ್, 221 ಅಂಕ. ಐದನೆಯದಾಗಿ ಹಾಡುವ ಸರದಿ ಬಂದದ್ದೂ ಹಂಗೇರಿಗೆ ಅನುಕೂಲವಾಗಿರಲಿಲ್ಲ. ಮೊದಮೊದಲು ಹಾಡಿದವರನ್ನು ಕೊನೆಯ ಹೊತ್ತಿಗೆ ನೆನಪಿಟ್ಟುಕೊಳ್ಳುವುದು ಕಷ್ಟ.

ಆ ಫೈನಲ್‌ನ ಹಾಡುಗಾರರ ಪಟ್ಟಿಯೇ ಮಜವಾಗಿದೆ. ಬ್ರಿಟನ್ ಕಳಿಸಿದ್ದು ಬ್ಲೂ ತಂಡವನ್ನು. 2000ದ ದಶಕದ ಹೆಸರಾಂತ ಬಾಯ್ ಬ್ಯಾಂಡ್, ಮತ್ತೆ ಒಂದುಗೂಡಿ ಬಂದಿತ್ತು. ಅವರಿಗೆ 11ನೇ ಸ್ಥಾನ. ಹಂಗೇರಿಯ ಬೆನ್ನಿಗೇ ಹಾಡಿದ ಐರ್ಲೆಂಡಿನ ಅವಳಿ ಹುಡುಗರು ಜೆಡ್‌ವರ್ಡ್. ಅವರ ಮ್ಯಾನೇಜರ್ ಬಾಯ್‌ಝೋನ್ ಕಟ್ಟಿದ ಅದೇ ಲೂಯಿ ವಾಲ್ಷ್. ಅವರು 8ನೆಯವರು. ಸ್ವೀಡನ್ನಿನಿಂದ 3ನೇ ಸ್ಥಾನಕ್ಕೆ ಬಂದ ಎರಿಕ್ ಸಾದೆ ಕೂಡ ಮೊದಲು ಒಂದು ಬಾಯ್ ಬ್ಯಾಂಡಿನಲ್ಲಿದ್ದವನೇ. ಇವರೆಲ್ಲ ಸ್ಟೇಜಿನ ಮೇಲೆ ಇದ್ದರು. ವಿ.ಐ.ಪಿ.ಯ ಇಬ್ಬರು ಟ್ಯೂನಿನಲ್ಲಿದ್ದರು. 1997ರಲ್ಲಿ ನಾಲ್ವರೂ ಹಾಡಿ ಗಳಿಸಿದ್ದಕ್ಕಿಂತ ಈ ಹಾಡು ಯುರೋಪಿನ ಅಭಿಮಾನಿಗಳ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ ಅಂತ ನನ್ನ ಲೆಕ್ಕ. 22ನೇ ಸ್ಥಾನ ಬಂದರೂ.

ಇಮ್ರೆ ಮತ್ತು ಅಲೆಕ್ಸ್ ಹೆಸರುಗಳು ಈ ಯೂರೋವಿಷನ್ ಹಾಡುಗಳ ಕೆಳಗೆ ಇಲ್ಲ. ಅದು ಅವರ ಪ್ರತಿಭೆಯ ಮಾತಲ್ಲ. ಒಂದೇ ತಂಡದಲ್ಲಿ ಒಂದೇ ಚಪ್ಪಾಳೆ ಹಂಚಿಕೊಂಡವರ ಮುಂದಿನ ದಾರಿಗಳು ಹೀಗೆ ಕವಲೊಡೆಯುತ್ತವೆ. ಟೇಕ್ ದಟ್‌ನಲ್ಲೂ ಹಾಗೇ ಆಯಿತು.

ಸಣ್ಣ ಭಾಷೆಯಲ್ಲಿ ಹಾಡು ಬರೆಯುವವರಿಗೆ ಆಮೇಲೆ ಕಾನೂನಿನ ನೆರವೂ ಸ್ವಲ್ಪ ಸಿಕ್ಕಿತು. 2010ರ ಮಾಧ್ಯಮ ಕಾನೂನು ರೇಡಿಯೋಗಳು ನುಡಿಸುವ ಸಂಗೀತದಲ್ಲಿ ಕನಿಷ್ಠ ಶೇ. 35ರಷ್ಟು ಹಂಗೇರಿಯನ್ ಸಂಗೀತ ಇರಬೇಕು ಅಂತ ಹೇಳಿತು. ಆ ಕಾನೂನಿನ ಬೇರೆ ಭಾಗಗಳ ಬಗ್ಗೆ ಯುರೋಪಿನಲ್ಲಿ ದೊಡ್ಡ ಗಲಾಟೆಯೇ ಆಯಿತು, ಅದು ಬೇರೆ ಕಥೆ. ಹಾಡು ಬರೆಯುವವರ ಮಟ್ಟಿಗೆ ಮಾತ್ರ ಆ 35 ಅನ್ನೋ ಅಂಕಿ ಅನ್ನದ ವಿಷಯ.

2012ರಿಂದ ಹಂಗೇರಿಯ ಸರ್ಕಾರಿ ಚಾನೆಲ್ ‘ಆ ದಾಲ್’ ಅನ್ನೋ ಸ್ಪರ್ಧೆ ಇಟ್ಟು ಯೂರೋವಿಷನ್ ಹಾಡನ್ನು ಆರಿಸತೊಡಗಿತು. 2014ರಲ್ಲಿ ಅಲ್ಲಿಂದ ಹೋದ ಕಾಲ್ಲಾಯ್ ಸೌಂಡರ್ಸ್ ಆಂದ್ರಾಶ್ 5ನೇ ಸ್ಥಾನ ತಂದರು. ಫ್ರಿದೆರಿಕಾ ಬಿಟ್ಟರೆ ಅದೇ ಅತಿ ಹೆಚ್ಚು. 2019ರ ನಂತರ ಹಂಗೇರಿ ಮತ್ತೆ ಯೂರೋವಿಷನ್ ಬಿಟ್ಟಿತು. ಯಾಕೆ ಅಂತ ಪತ್ರಿಕೆಗಳಲ್ಲಿ ತುಂಬ ಚರ್ಚೆಯಾಯಿತು, ರಾಜಕೀಯದ ಮಾತೂ ಬಂತು, ಸರ್ಕಾರದ ಕಡೆಯವರು ಅದನ್ನು ಅಲ್ಲಗಳೆದರು. ‘ಆ ದಾಲ್’ ಮಾತ್ರ ದೇಶದೊಳಗಿನ ಸ್ಪರ್ಧೆಯಾಗಿ ಮುಂದುವರಿಯಿತು.

ಅದಕ್ಕೆ ಮೊದಲು 2017ರ ‘ಆ ದಾಲ್’ನಲ್ಲಿ ರಾತ್ಸ್ ಗೆರ್ಗೊ ಮತ್ತೆ ಸ್ಟೇಜಿಗೆ ಬಂದರು. ಡಬ್ಲಿನ್ ಆಗಿ 20 ವರ್ಷ. ಜೊತೆಗೆ ಗಾಯಕಿ ಓರ್ಶೋವಾಯಿ ರೆನಿ, ಹಾಡು ‘ಅಲೈವ್’. ಗೆಲ್ಲಲಿಲ್ಲ. ಆ ಸಲ ಗೆದ್ದವರು ಪಾಪಾಯಿ ಯೋತ್ಸಿ. ರೋಮಾ ಸಮುದಾಯದ ಈ ಗಾಯಕ ಹಂಗೇರಿಯನ್‌ನಲ್ಲೇ ಹಾಡಿದ ‘ಒರಿಗೋ’ ಉಕ್ರೇನಿನ ಕೀವ್‌ಗೆ ಹೋಗಿ 8ನೇ ಸ್ಥಾನ ಪಡೆಯಿತು.